ಆ ಚೀಟಿ ಎಲ್ಲಿ?

ಮೂರು ವರ್ಷದ ಹಿಂದೆ ಅಜ್ಜಿ ಮನೆಯ ಅಟ್ಟ ಖಾಲಿ ಮಾಡಿದೆವು. ಬೇಲೂರಿಂದ ಮೂಡಿಗೆರೆ ಕಡೆಗೆ ಹೋಗುವಾಗ ಸಿಗುವ ಸಣ್ಣ ಊರು ಅದು. ಮಳೆಗಾಲಕ್ಕೆ ಮುಂಚೆ ಹೆಂಚು ಬದಲಾಯಿಸಬೇಕಿತ್ತು. ಅಟ್ಟದಲ್ಲಿ ಹಳೇ ಕೊಳಗ, ಮುರಿದ ತೊಟ್ಟಿಲು, ಗೋಣಿಚೀಲಗಳ ನಡುವೆ ಒಂದು ಕೆಂಪು ಬಟ್ಟೆಯ ಗಂಟು ಇತ್ತು. ಬಿಚ್ಚಿದರೆ ಎರಡು ಮರದ ಹಲಗೆ, ಅವುಗಳ ನಡುವೆ ಓಲೆಗರಿ. ಜೊತೆಗೆ ನಾಲ್ಕು ಮಡಿಕೆಯ ಒಂದು ಕಾಗದದ ಚೀಟಿ.

ಬಟ್ಟೆ ತುಂಬ ಇಲಿ ಹಿಕ್ಕೆ. ಚೀಟಿ ಮುಟ್ಟಿದರೆ ಪುಡಿಯಾಗುತ್ತಿತ್ತು. ಎರಡನ್ನೂ ನಾನೇ ಕಸದ ಜೊತೆ ಒಲೆಗೆ ಹಾಕಿದೆ. ಗರಿಗಳನ್ನು ಮಾತ್ರ ಹೊಸ ಟವೆಲ್‌ನಲ್ಲಿ ಸುತ್ತಿ ಹಾಸನಕ್ಕೆ ತಂದೆ. ಒಳ್ಳೆಯ ಕೆಲಸ ಮಾಡಿದೆ ಅಂತಲೇ ಅಂದುಕೊಂಡಿದ್ದೆ.

ಆಮೇಲೆ ಹೊಳೆನರಸೀಪುರದ ಮೇಲೆ ಹೋಗುವ ರೈಲು ಹತ್ತಿ ಮೈಸೂರಿಗೆ ಹೋದೆ. ಹಸ್ತಪ್ರತಿಗಳ ಕೆಲಸದಲ್ಲೇ ತಲೆ ನರೆಸಿಕೊಂಡ ಒಬ್ಬರಿಗೆ ಕಟ್ಟನ್ನು ತೋರಿಸಿದೆ. ಅವರು ಗರಿ ಮುಟ್ಟಲಿಲ್ಲ. ಮೊದಲು ಟವೆಲ್ ನೋಡಿದರು. ಆಮೇಲೆ ಕೇಳಿದರು: "ಇದನ್ನ ಸುತ್ತಿದ್ದ ಬಟ್ಟೆ ಎಲ್ಲಿ? ಒಳಗೆ ಚೀಟಿ ಏನಾದ್ರೂ ಇತ್ತಾ?"

ಅವರು ಯಾಕೆ ಹಾಗೆ ಕೇಳಿದರು ಅಂತ ಅರ್ಥವಾಗಲು ನನಗೆ ಸುಮಾರು ಸಮಯ ಹಿಡಿಯಿತು. ಹಳೆಯ ವಿಶ್ವವಿದ್ಯಾಲಯಗಳ ಗ್ರಂಥಾಲಯ, ವಸ್ತುಸಂಗ್ರಹಾಲಯಗಳು ಹೇಗೆ ನಡೆಯುತ್ತವೆ ಅನ್ನುವುದರ ಕೀಲಿ ಆ ಪ್ರಶ್ನೆಯಲ್ಲೇ ಇದೆ. ಅಲ್ಲಿ ಕಾಪಾಡುವುದು ಬರೀ ವಸ್ತುವನ್ನಲ್ಲ. ಅದು ಎಲ್ಲಿಂದ ಬಂತು, ಯಾರ ಕೈಯಲ್ಲಿತ್ತು ಅನ್ನುವ ಸುದ್ದಿಯನ್ನೂ ಕಾಪಾಡುತ್ತಾರೆ. ಆ ಸುದ್ದಿ ಕಳೆದರೆ ವಸ್ತು ಅರ್ಧ ಕಳೆದ ಹಾಗೆ.

ನಮ್ಮ ಸೀಮೆಯವರಿಗೆ ಹಳೆಯ ವಿಶ್ವವಿದ್ಯಾಲಯ ಅಂದರೆ ಮೈಸೂರಿನದೇ. ಹಾಸನದ ಹೇಮಗಂಗೋತ್ರಿ ತೀರಾ ಈಚಿನವರೆಗೂ ಅದರ ಸ್ನಾತಕೋತ್ತರ ಕೇಂದ್ರವಾಗಿತ್ತು. ಹಾಸನ ವಿಶ್ವವಿದ್ಯಾಲಯ ಆಗಿದ್ದು ಮೊನ್ನೆ ಮೊನ್ನೆ. ಮೈಸೂರು ವಿಶ್ವವಿದ್ಯಾಲಯ ಶುರುವಾಗಿದ್ದು 1916ರ ಜುಲೈ 27ರಂದು. ಆದರೆ ಅದರ ಓಲೆಗರಿ ಸಂಗ್ರಹಕ್ಕೆ ಅದಕ್ಕಿಂತ ಜಾಸ್ತಿ ವಯಸ್ಸು. ಚಾಮರಾಜೇಂದ್ರ ಒಡೆಯರ್ ಕಾಲದಲ್ಲಿ, 1891ರಲ್ಲಿ, ಸರ್ಕಾರ ಓರಿಯಂಟಲ್ ಲೈಬ್ರರಿ ತೆರೆದಿತ್ತು. 1916ರಲ್ಲಿ ಅದು ವಿಶ್ವವಿದ್ಯಾಲಯದ ಮಡಿಲಿಗೆ ಬಂತು. ಈಗ ಅದನ್ನು ಪ್ರಾಚ್ಯವಿದ್ಯಾ ಸಂಶೋಧನಾಲಯ ಅನ್ನುತ್ತೇವೆ. ಕನ್ನಡದ ಹಸ್ತಪ್ರತಿಗಳಿಗೆ ವಿಶ್ವವಿದ್ಯಾಲಯದ ಆವರಣವಾದ ಮಾನಸಗಂಗೋತ್ರಿಯ ಕುವೆಂಪು ಕನ್ನಡ ಅಧ್ಯಯನ ಸಂಸ್ಥೆ ಇದೆ. ಅದು 1966ರದ್ದು. ಜೊತೆಗೆ ಜಯಲಕ್ಷ್ಮೀ ವಿಲಾಸದ ಜಾನಪದ ವಸ್ತುಸಂಗ್ರಹಾಲಯ. ಒಂದು ಕಡೆ ಓಲೆ, ಇನ್ನೊಂದು ಕಡೆ ಸೋಮನ ಮುಖವಾಡ, ತೊಗಲು ಗೊಂಬೆ. ಇವೆಲ್ಲಾ ಒಂದೇ ವಿಶ್ವವಿದ್ಯಾಲಯದ ಆಸ್ತಿ.

ಈ ಸಂಗ್ರಹದ ಅತಿ ದೊಡ್ಡ ಕಥೆ ಎಲ್ಲರಿಗೂ ಗೊತ್ತು. ಕೌಟಿಲ್ಯನ ಅರ್ಥಶಾಸ್ತ್ರ ಅಂತ ಒಂದು ಗ್ರಂಥ ಇತ್ತಂತೆ ಎಂದು ಜನ ಬರೀ ಹೆಸರು ಕೇಳಿದ್ದ ಕಾಲ. ತಮಿಳು ಸೀಮೆಯಲ್ಲಿ ಸಂಸ್ಕೃತ ಬರೆಯಲು ಬಳಸುತ್ತಿದ್ದ 'ಗ್ರಂಥ' ಅನ್ನುವ ಲಿಪಿಯಲ್ಲಿದ್ದ ಒಂದು ಓಲೆಗರಿ ಕಟ್ಟು ಓರಿಯಂಟಲ್ ಲೈಬ್ರರಿಗೆ ಬಂತು. ಅಲ್ಲಿದ್ದ ಆರ್. ಶಾಮಶಾಸ್ತ್ರಿಗಳು ಅದನ್ನು ಓದಿದರು, ಇದೇ ಆ ಗ್ರಂಥ ಅಂತ ಗುರುತಿಸಿದರು. 1909ರಲ್ಲಿ ಮೂಲ ಅಚ್ಚಾಯಿತು. 1915ರಲ್ಲಿ ಅವರದ್ದೇ ಇಂಗ್ಲಿಷ್ ಅನುವಾದ ಬಂತು. ಹಳೆಯ ಭಾರತದ ರಾಜ್ಯಾಡಳಿತದ ಬಗ್ಗೆ ಜಗತ್ತು ತಿಳಿದಿದ್ದೇ ಬದಲಾಯಿತು.

ಸರಿ, ಆ ಕಟ್ಟನ್ನು ತಂದುಕೊಟ್ಟವರು ಯಾರು? ತಂಜಾವೂರು ಜಿಲ್ಲೆಯ ಒಬ್ಬ ಪಂಡಿತರು. ಶಾಮಶಾಸ್ತ್ರಿಗಳು ಹೇಳಿದ್ದು ಅಷ್ಟೇ, ಹೆಸರು ಕೊಟ್ಟಿಲ್ಲ. ತಲೆಮಾರುಗಳ ಕಾಲ ಯಾರ ಮನೆಯಲ್ಲೋ ಉಳಿದು ಬಂದ ಆ ಓಲೆಯನ್ನು ಗೆದ್ದಲಿಗೆ ಕೊಡದೆ ಮೈಸೂರಿಗೆ ಮುಟ್ಟಿಸಿದ ಮನುಷ್ಯ ಯಾರು, ಯಾವ ಊರು, ಅವರ ಮನೆಗೆ ಅದು ಹೇಗೆ ಬಂದಿತ್ತು, ಯಾವ ಪ್ರತಿ ನೋಡಿ ಬರೆದಿದ್ದು? ಅದೇ ಮನೆಯಲ್ಲಿ ಇನ್ನೇನಿತ್ತು? ಈ ಪ್ರಶ್ನೆಗಳ ಬೆನ್ನು ಹತ್ತಿ ಹೋಗಲು ನಮ್ಮ ಕೈಯಲ್ಲಿ ದಾರವೇ ಇಲ್ಲ. ನನಗೆ ಇದು ಓದಿದಾಗಲೆಲ್ಲ ಹೊಟ್ಟೆ ಚುರ್ ಅನ್ನುತ್ತದೆ. ಒಂದು ಸಾಲು ಬರೆದಿಟ್ಟಿದ್ದರೆ ಸಾಕಿತ್ತು.

ಈಗ ನಮ್ಮ ಮನೆಯ ಕಟ್ಟಿಗೆ ಬರೋಣ. ಒಂದು ಕಟ್ಟು ಸಂಗ್ರಹಕ್ಕೆ ಬಂದರೆ ಏನೇನಾಗುತ್ತದೆ ಅಂತ ನೋಡಿದರೆ ಎಲ್ಲಾ ಬಿಡಿಸಿದ ಹಾಗೆ ಅರ್ಥವಾಗುತ್ತದೆ.

ಬಂದ ಕೂಡಲೇ ಅದನ್ನು ಉಳಿದ ಕಟ್ಟುಗಳ ಪಕ್ಕ ಇಡುವುದಿಲ್ಲ. ಕೆಲವು ದಿನ ಬೇರೆಯೇ ಇಡುತ್ತಾರೆ. ಒಳಗೆ ಹುಳದ ಮೊಟ್ಟೆ ಇದ್ದರೆ ಇಡೀ ಕಪಾಟಿಗೆ ಹರಡುತ್ತದಲ್ಲ, ಅದಕ್ಕೆ. ಆಮೇಲೆ ಮೆತ್ತನೆಯ ಬ್ರಷ್‌ನಲ್ಲಿ ಒಂದೊಂದೇ ಗರಿಯ ಧೂಳು ತೆಗೆಯುತ್ತಾರೆ. ಅಂಟಿಕೊಂಡ ಗರಿಗಳನ್ನು ಎಳೆದು ಬಿಡಿಸಬಾರದು. ಎಳೆದರೆ ಮೇಲಿನ ಪದರ ಅಕ್ಷರದ ಸಮೇತ ಕಿತ್ತು ಬರುತ್ತದೆ.

ನನ್ನ ಕಟ್ಟಿನ ಮೇಲಿನ ಮೂರು ನಾಲ್ಕು ಗರಿ ಖಾಲಿ ಅಂದುಕೊಂಡಿದ್ದೆ. ಮೈಸೂರಿನ ಆ ಹಿರಿಯರು ಒಂದು ಗರಿಯನ್ನು ಎರಡೂ ತುದಿ ಹಿಡಿದು ಕಿಟಕಿಯ ಬೆಳಕಿಗೆ ಓರೆಯಾಗಿ ತಿರುಗಿಸಿದರು. ಬೆಳಕು ಅಡ್ಡಡ್ಡ ಬಿದ್ದಾಗ ಏಳು ಸಾಲು ಅಕ್ಷರ ಎದ್ದು ನಿಂತವು! ನಮ್ಮ ಕಡೆಯ ಓಲೆಗರಿಯಲ್ಲಿ ಶಾಯಿಯಿಂದ ಬರೆಯುವುದಿಲ್ಲ, ಕಬ್ಬಿಣದ ಕಂಟದಿಂದ, ಅಂದರೆ ಮೊನಚಾದ ಕಡ್ಡಿಯಿಂದ, ಕೊರೆಯುತ್ತಾರೆ. ಕೊರೆದ ಮೇಲೆ ದೀಪದ ಮಸಿ ಸವರಿ ಒರೆಸಿದರೆ ಗೀರಿನೊಳಗೆ ಮಸಿ ನಿಂತು ಅಕ್ಷರ ಕಪ್ಪಗೆ ಕಾಣುತ್ತದೆ. ಕಾಲ ಕಳೆದ ಹಾಗೆ ಮಸಿ ಉದುರುತ್ತದೆ, ಗೀರು ಉಳಿಯುತ್ತದೆ. ಖಾಲಿ ಗರಿ ಅಂತ ಎಸೆದ ಎಷ್ಟು ಗರಿಗಳು ನಿಜವಾಗಿ ತುಂಬಿದ್ದವೋ! ನಿಮ್ಮ ಮನೆಯಲ್ಲಿ ಓಲೆ ಇದ್ದರೆ ಖಾಲಿ ಅಂತ ಯಾವ ಗರಿಯನ್ನೂ ದಯವಿಟ್ಟು ಎಸೆಯಬೇಡಿ.

ಸಂಗ್ರಹಾಲಯದಲ್ಲಿ ಹೊಸದಾಗಿ ಮಸಿ ಸವರುತ್ತಾರೆ. ಒಣಗಿ ಪೆಡಸಾದ ಗರಿಗೆ ಸಿಟ್ರೊನೆಲ್ಲಾ ಅನ್ನುವ ಘಮಘಮ ಹುಲ್ಲಿನ ಎಣ್ಣೆ ತೆಳ್ಳಗೆ ಹಚ್ಚುತ್ತಾರೆ. ಗರಿ ಬಳುಕುತ್ತದೆ, ಹುಳ ದೂರ ಇರುತ್ತದೆ. ಇದನ್ನು ಓದಿ ಯಾರೂ ಮನೆಯಲ್ಲಿ ಕೊಬ್ಬರಿ ಎಣ್ಣೆ ಹಚ್ಚಬೇಡಿ. ಅಡುಗೆ ಎಣ್ಣೆ ಜಿಡ್ಡಾಗಿ ಕೂರುತ್ತದೆ, ಧೂಳು ಹಿಡಿಯುತ್ತದೆ, ಇಲಿಯನ್ನೂ ಕರೆಯುತ್ತದೆ. ಹಳೆಯ ಲಿಪಿಕಾರರು ಗ್ರಂಥದ ಕೊನೆಯಲ್ಲಿ ಒಂದು ಶ್ಲೋಕ ಬರೆಯುವ ರೂಢಿ ಇತ್ತು. ಅದರಲ್ಲಿ ಪುಸ್ತಕವೇ ಮಾತಾಡುತ್ತದೆ: ಎಣ್ಣೆಯಿಂದ ಕಾಪಾಡು, ನೀರಿನಿಂದ ಕಾಪಾಡು, ಸಡಿಲ ಕಟ್ಟಿನಿಂದ ಕಾಪಾಡು, ಮೂರ್ಖನ ಕೈಗೆ ಕೊಡಬೇಡ. ಸಡಿಲ ಕಟ್ಟು ಯಾಕೆ ಕೆಟ್ಟದ್ದು? ಗರಿ ಒಂದಕ್ಕೊಂದು ಉಜ್ಜುತ್ತದೆ, ಸೊಟ್ಟಗಾಗುತ್ತದೆ, ಸಂದಿಯಲ್ಲಿ ಹುಳ ನುಗ್ಗುತ್ತದೆ. ಬಿಗಿಯಾದ ಹಲಗೆ, ದಾರ, ಬಟ್ಟೆ ಅಲಂಕಾರಕ್ಕಲ್ಲ.

ನಮ್ಮ ಮಲೆನಾಡಿನ ಅಜ್ಜಂದಿರಿಗೆ ಇದೆಲ್ಲಾ ಗೊತ್ತಿತ್ತು. ಗಂಟನ್ನು ಒಲೆಯ ಮೇಲಿನ ಅಟ್ಟದಲ್ಲೇ ಇಡುತ್ತಿದ್ದರು. ದಿನಾ ಹೊಗೆ, ಬಿಸಿ. ಹೊರಗೆ ಮೂರು ತಿಂಗಳು ಮಳೆ ಹೊಯ್ದರೂ ಅಟ್ಟ ಒಣಗಿಯೇ ಇರುತ್ತಿತ್ತು, ಹುಳ ಬರುತ್ತಿರಲಿಲ್ಲ. ಗಂಟಿನಲ್ಲಿ ಬಜೆ ಬೇರಿನ ತುಂಡು, ಬೇವಿನ ಎಲೆ ಹಾಕುತ್ತಿದ್ದರು. ಮನೆಗೆ ಗ್ಯಾಸ್ ಬಂತು, ಹೊಗೆ ಹೋಯಿತು. ಅಡುಗೆ ಮಾಡುವವರ ಕಣ್ಣಿಗೆ, ಎದೆಗೆ ಒಳ್ಳೆಯದಾಯಿತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಟ್ಟ ತಣ್ಣಗಾಯಿತು, ತೇವ ಏರಿತು. ನೂರಾರು ವರ್ಷ ಉಳಿದ ಕಟ್ಟುಗಳು ಇಪ್ಪತ್ತು ಮಳೆಗಾಲದಲ್ಲಿ ಹಾಳಾಗುವುದು ಹೀಗೆ. ಸಂಗ್ರಹಾಲಯದವರು ಹವೆಯನ್ನು ಅಳೆಯುವುದು ಇದಕ್ಕೇ. ತೇವ ಜಾಸ್ತಿಯಾದರೆ ಬೂಸ್ಟು, ಕಡಿಮೆಯಾದರೆ ಬಿರುಕು. ಒಂದು ದಿನ ಜಾಸ್ತಿ ಒಂದು ದಿನ ಕಡಿಮೆ ಆಗುವುದು ಎಲ್ಲಕ್ಕಿಂತ ಕೆಟ್ಟದ್ದು.

ಶುಚಿ ಮಾಡಿದ ಮೇಲೆ ಎಣಿಕೆ, ಆಮೇಲೆ ದಾಖಲೆ. ಈ ಭಾಗ ನೀರಸ ಅನ್ನಿಸಬಹುದು. ನನ್ನ ಪ್ರಕಾರ ಇಡೀ ಕೆಲಸದ ಜೀವ ಇಲ್ಲೇ ಇದೆ. ಪ್ರತಿ ಕಟ್ಟಿಗೂ ಒಂದು ಸಂಖ್ಯೆ. ಆ ಸಂಖ್ಯೆಯ ಎದುರು ಕೃತಿಯ ಹೆಸರು, ಕವಿ, ಲಿಪಿ, ಭಾಷೆ, ಗರಿಗಳ ಎಣಿಕೆ, ಅಳತೆ, ಯಾವ ಗರಿ ಮುರಿದಿದೆ, ಮೊದಲ ಸಾಲು, ಕೊನೆಯ ಸಾಲು, ಎಲ್ಲಿಂದ ಬಂತು. ಒಂದೇ ಕಟ್ಟಿನಲ್ಲಿ ಒಂದು ಕಾವ್ಯ, ಒಂದಷ್ಟು ಮದ್ದಿನ ಪಟ್ಟಿ, ಎರಡು ಲೆಕ್ಕದ ಗರಿ ಸೇರಿಕೊಂಡಿರಬಹುದು. ಹಾಗಾಗಿ ಕಟ್ಟಿನ ಸಂಖ್ಯೆ ಬೇರೆ, ಕೃತಿಗಳ ಸಂಖ್ಯೆ ಬೇರೆ. ಇದನ್ನೆಲ್ಲಾ ಸೇರಿಸಿ ಅಚ್ಚು ಮಾಡಿದರೆ ಅದು ವರ್ಣನಾತ್ಮಕ ಸೂಚಿ. ಸೂಚಿಯಲ್ಲಿ ಇಲ್ಲದ ಕಟ್ಟು ಕಪಾಟಿನಲ್ಲಿದ್ದರೂ ಇಲ್ಲದ ಹಾಗೇ. ಕೇಳುವವರಿಗೆ ಅದು ಇದೆ ಅಂತಲೇ ಗೊತ್ತಾಗುವುದಿಲ್ಲ.

ನಮ್ಮ ಕಟ್ಟಿನಲ್ಲಿ ಇದ್ದದ್ದು ಲಕ್ಷ್ಮೀಶನ ಜೈಮಿನಿ ಭಾರತ. ಲಕ್ಷ್ಮೀಶ ನಮ್ಮ ಪಕ್ಕದವನೇ, ಕಡೂರು ತಾಲ್ಲೂಕಿನ ದೇವನೂರಿನವನು. ಊರೂರಲ್ಲಿ ಓದಿಸಿ ಕೇಳುತ್ತಿದ್ದ ಕಾವ್ಯ. ಅಯ್ಯೋ, ಇದು ಎಲ್ಲಾ ಕಡೆ ಸಿಗುತ್ತಲ್ಲ, ಇನ್ನೊಂದು ಪ್ರತಿ ಯಾಕೆ ಬೇಕು ಅಂತ ನಾನೇ ಕೇಳಿದೆ. ಬೇಕೇ ಬೇಕು ಅಂದರು. ಕವಿಯ ಕೈಬರಹದ ಪ್ರತಿ ನಮಗೆ ಸಿಕ್ಕಿಲ್ಲ. ನಕಲಿನ ನಕಲಿನ ನಕಲು ಮಾತ್ರ ಸಿಗುವುದು. ಬರೆಯುವವನು ಒಂದು ಸಾಲು ಬಿಟ್ಟಿರುತ್ತಾನೆ, ಅರ್ಥವಾಗದ ಪದದ ಜಾಗಕ್ಕೆ ಗೊತ್ತಿರುವ ಪದ ಹಾಕಿರುತ್ತಾನೆ. ಹತ್ತು ಊರಿನ ಹತ್ತು ಪ್ರತಿ ಪಕ್ಕಪಕ್ಕ ಇಟ್ಟರೆ ಯಾವ ತಪ್ಪು ಎಲ್ಲಿ ಹುಟ್ಟಿತು ಅಂತ ಹಿಡಿಯಬಹುದು. ಪಾಠಾಂತರ ಅನ್ನುವುದು ಇದನ್ನೇ. ಆದರೆ ಒಂದು ಷರತ್ತು. ಯಾವ ಪ್ರತಿ ಯಾವ ಊರಿನದು, ಯಾವ ಕಾಲದ್ದು ಅಂತ ಗೊತ್ತಿರಬೇಕು.

ಕೊನೆಯ ಗರಿಯಲ್ಲಿ ಕಾಲ ಬರೆದಿತ್ತು. ವಿಕಾರಿ ಸಂವತ್ಸರದ ಶ್ರಾವಣ ಶುದ್ಧ ಪಂಚಮಿ. ನಾಗರಪಂಚಮಿಯ ದಿನ ಬರೆದು ಮುಗಿಸಿದ್ದಾರೆ. ನನಗೆ ಮೈ ಜುಂ ಅಂದಿತು. ಅವರು ಮಾತ್ರ ತಲೆ ಅಲ್ಲಾಡಿಸಿದರು. ಸಂವತ್ಸರ 60 ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. ವಿಕಾರಿ 1899ರಲ್ಲೂ ಬಂದಿತ್ತು, 1839ರಲ್ಲೂ, 1779ರಲ್ಲೂ. ಶಾಲಿವಾಹನ ಶಕದ ವರ್ಷ ಬರೆದಿದ್ದರೆ ಅದಕ್ಕೆ 78 ಕೂಡಿಸಿ ಕ್ರಿಸ್ತಶಕ ಹೇಳಬಹುದಿತ್ತು. ಬರೆದಿಲ್ಲ. ವಾರ ಇದ್ದರೆ ತಿಥಿಗೂ ವಾರಕ್ಕೂ ಯಾವ ವರ್ಷ ಹೊಂದುತ್ತದೆ ಅಂತ ಪಂಚಾಂಗದ ಲೆಕ್ಕ ಹಾಕಬಹುದಿತ್ತು. ವಾರ ಇದ್ದ ತುದಿಯನ್ನು ಹುಳ ತಿಂದಿದೆ. ಅಕ್ಷರದ ಧಾಟಿ ನೋಡಿ ಅಂದಾಜು ಹೇಳಬಹುದು, ಆದರೆ 60 ವರ್ಷದ ವ್ಯತ್ಯಾಸವನ್ನು ಬರೀ ಅಕ್ಷರದ ಮೇಲೆ ಖಚಿತವಾಗಿ ಹೇಳುವುದು ಕಷ್ಟ.

"ಚೀಟಿಯಲ್ಲಿ ಒಂದು ಹೆಸರಿದ್ರೂ ಸಾಕಿತ್ತು" ಅಂದರು. ಬರೆದವರ ಹೆಸರು ಸಿಕ್ಕಿದ್ದರೆ ಮನೆಯ ಪಾಲುಪತ್ರದಲ್ಲಿ, ಜಮೀನಿನ ಕಾಗದದಲ್ಲಿ ಅದೇ ಹೆಸರು ಹುಡುಕಬಹುದಿತ್ತು. ಆಗ ಮೂರು ವಿಕಾರಿಗಳಲ್ಲಿ ಒಂದು ನಿಲ್ಲುತ್ತಿತ್ತು. ಆ ಚೀಟಿಯನ್ನು ನಾನು ಒಲೆಗೆ ಹಾಕಿದ್ದೆ.

ವಸ್ತುಸಂಗ್ರಹಾಲಯದಲ್ಲೂ ಇದೇ ನಿಯಮ. ಗ್ರಂಥಾಲಯಕ್ಕೆ ಜನ ಓದಲು ಬರುತ್ತಾರೆ, ವಸ್ತುಸಂಗ್ರಹಾಲಯಕ್ಕೆ ನೋಡಲು ಬರುತ್ತಾರೆ. ವ್ಯತ್ಯಾಸ ಅಷ್ಟೇ ಅನ್ನಬಹುದು. ಅಟ್ಟದಲ್ಲಿ ಸಿಕ್ಕ ಕೊಳಗವನ್ನೇ ತೆಗೆದುಕೊಳ್ಳಿ. ಹಿಂದೆ ಕೊಳಗದ ಅಳತೆ ಊರಿಂದ ಊರಿಗೆ ಬೇರೆ ಇರುತ್ತಿತ್ತು. ಇದು ಇಂಥ ಊರಿನ ಇಂಥ ಮನೆಯ ಕಣದಲ್ಲಿ ಭತ್ತ ಅಳೆದ ಕೊಳಗ ಅಂತ ಗೊತ್ತಿದ್ದರೆ, ಹಳೆಯ ಗೇಣಿ ಲೆಕ್ಕದಲ್ಲಿ ಬರುವ 'ಇಪ್ಪತ್ತು ಕೊಳಗ' ಅಂದರೆ ಎಷ್ಟು ಅಂತ ಹೇಳಬಹುದು. ಗೊತ್ತಿಲ್ಲದಿದ್ದರೆ ಅದು ಸುಮ್ನೆ ಒಂದು ಪಾತ್ರೆ. 1960ರ ದಶಕದಲ್ಲಿ ಜಾನಪದ ವಿದ್ವಾಂಸ ಜೀ.ಶಂ. ಪರಮಶಿವಯ್ಯ, ಕಲಾವಿದ ಪಿ.ಆರ್. ತಿಪ್ಪೇಸ್ವಾಮಿ ಅಂಥವರು ಮೈಸೂರಿನ ಜಾನಪದ ವಸ್ತುಸಂಗ್ರಹಾಲಯ ಕಟ್ಟಿದರು. ಇಂಥ ಮನೆಬಳಕೆಯ ಸಾಮಾನಿಗೂ ವಿಶ್ವವಿದ್ಯಾಲಯದಲ್ಲಿ ಜಾಗ ಸಿಕ್ಕಿದ್ದು ಹಾಗೆ. ಅದು ಸಣ್ಣ ಮಾತಲ್ಲ.

ಊರಿನ ಹೆಸರು ಎಷ್ಟು ಕೆಲಸ ಮಾಡುತ್ತದೆ ಅನ್ನುವುದಕ್ಕೆ ನಮ್ಮ ಬೇಲೂರು ತಾಲ್ಲೂಕಿನ ಹಲ್ಮಿಡಿಯೇ ಸಾಕ್ಷಿ. 1936ರಲ್ಲಿ ಡಾ. ಎಂ.ಎಚ್. ಕೃಷ್ಣ ಅಲ್ಲಿನ ಶಾಸನವನ್ನು ಬೆಳಕಿಗೆ ತಂದರು. ಅವರು ಮೈಸೂರು ಪುರಾತತ್ವ ಇಲಾಖೆಯ ನಿರ್ದೇಶಕರು, ವಿಶ್ವವಿದ್ಯಾಲಯದಲ್ಲಿ ಇತಿಹಾಸದ ಪ್ರಾಧ್ಯಾಪಕರೂ ಹೌದು. ಸುಮಾರು ಕ್ರಿ.ಶ. 450ರದ್ದು ಅಂತ ಸಾಮಾನ್ಯವಾಗಿ ಹೇಳುವ ಶಾಸನ ಅದು. ಕಲ್ಲು ಈಗ ಮೈಸೂರಿನಲ್ಲಿದೆ, ಊರಲ್ಲಿ ಇರುವುದು ಅದರ ಪ್ರತಿಕೃತಿ. ಕಲ್ಲು ನಮ್ಮಲ್ಲೇ ಇರಬೇಕಿತ್ತು ಅನ್ನುವ ಮಾತು ನಮ್ಮ ಕಡೆ ಕೇಳಿಬರುತ್ತದೆ. ಆ ನೋವು ನನಗೂ ಅರ್ಥವಾಗುತ್ತದೆ. ಆದರೆ ಕೃಷ್ಣ ಅವರು ಒಂದು ಕೆಲಸ ಸರಿಯಾಗಿ ಮಾಡಿದ್ದರು. ಕಲ್ಲು ಸಿಕ್ಕಿದ ಜಾಗವನ್ನು ಬರೆದಿಟ್ಟರು. ಶಾಸನದಲ್ಲಿ ವಿಜ ಅರಸನಿಗೆ ಬಾಳ್ಗಳ್ಚಾಗಿ, ಅಂದರೆ ಯುದ್ಧದ ಪರಾಕ್ರಮಕ್ಕೆ ಕತ್ತಿ ತೊಳೆದು ಕೊಡುವ ದಾನವಾಗಿ, ಕೊಟ್ಟ ಊರುಗಳ ಹೆಸರಿದೆ: ಪಲ್ಮಡಿ, ಮೂಳಿವಳ್ಳಿ. ಹಳಗನ್ನಡದ 'ಪಾಲ್' ಈಗ 'ಹಾಲು' ಆದ ಹಾಗೆ ಪಲ್ಮಡಿ ಹಲ್ಮಿಡಿಯಾಗಿದೆ. ಹೆಸರು ಸಾವಿರದೈನೂರು ವರ್ಷ ಒಂದೇ ಊರಿಗೆ ಅಂಟಿಕೊಂಡಿದೆ ಅಂತ ನಾವು ಹೇಳಬಲ್ಲೆವು. ಅದೇ ಕಲ್ಲು ಎಲ್ಲಿಂದಲೋ ಬಂದು ಯಾವುದೋ ಅಂಗಡಿಯಲ್ಲಿ ಸಿಕ್ಕಿದ್ದರೆ? ಪಲ್ಮಡಿ ಎಲ್ಲಿದೆ ಅಂತ ಇವತ್ತಿಗೂ ವಾದ ನಡೆಯುತ್ತಿರುತ್ತಿತ್ತು.

ಎಲ್ಲ ಕಲ್ಲನ್ನೂ ಸಾಗಿಸಲು ಆಗುವುದಿಲ್ಲ, ಸಾಗಿಸಲೂ ಬಾರದು. ಅದಕ್ಕೆ ಪಡಿಯಚ್ಚು ಇದೆ. ಕಲ್ಲು ತೊಳೆದು ಒದ್ದೆ ಕಾಗದ ಅಂಟಿಸಿ, ಬ್ರಷ್‌ನಿಂದ ಬಡಿದು ಅಕ್ಷರದ ಕುಳಿಯೊಳಗೆ ಕಾಗದ ಇಳಿಯುವ ಹಾಗೆ ಮಾಡುತ್ತಾರೆ. ಮೇಲೆ ಶಾಯಿ ಒತ್ತಿದರೆ ಕಾಗದ ಕಪ್ಪಾಗುತ್ತದೆ, ಅಕ್ಷರ ಬೆಳ್ಳಗೆ ಉಳಿಯುತ್ತದೆ. ಮೈಸೂರು ಪುರಾತತ್ವ ಇಲಾಖೆಯ ನಿರ್ದೇಶಕರಾಗಿದ್ದ ಬಿ.ಎಲ್. ರೈಸ್ ಮತ್ತು ಅವರ ಜೊತೆಯವರು ಊರೂರು ಅಲೆದು ಶಾಸನ ಸಂಗ್ರಹಿಸಿ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳನ್ನು ತಂದರು. ಅದರ ಆರನೆಯ ಸಂಪುಟ ಕಡೂರು ಜಿಲ್ಲೆಯದು, ಅಂದರೆ ಈಗಿನ ಚಿಕ್ಕಮಗಳೂರು. ಅದು 1901ರಲ್ಲಿ ಬಂತು. ಐದನೆಯದು ಹಾಸನದ್ದು, 1902ರದ್ದು. ಅಲ್ಲಿ ಶಾಸನಗಳನ್ನು ಜೋಡಿಸಿದ್ದು ತಾಲ್ಲೂಕಿನ ಪ್ರಕಾರ. ಇವತ್ತಿಗೂ ವಿದ್ವಾಂಸರು 'ಬೇಲೂರು ಇಷ್ಟನೇ ಸಂಖ್ಯೆ' ಅಂತಲೇ ಶಾಸನವನ್ನು ಕರೆಯುತ್ತಾರೆ. ಶಾಸನದ ಗುರುತೇ ಊರು.

ಶೃಂಗೇರಿ ಮಠದಲ್ಲಿ ಇನ್ನೊಂದು ಬಗೆ ಇದೆ, ಕಡತ. ಬಟ್ಟೆಗೆ ಹುಣಸೆ ಬೀಜದ ಸರಿ ಮತ್ತು ಇದ್ದಿಲ ಪುಡಿ ಬಳಿದು ಕಪ್ಪು ಹಲಗೆಯ ಹಾಗೆ ಮಾಡಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಲ್ಲಿ ಬರೆದ ಲೆಕ್ಕಪತ್ರ. ಇವತ್ತು ಆಫೀಸಿನಲ್ಲಿ 'ಕಡತ ವಿಲೇವಾರಿ' ಅನ್ನುತ್ತೇವಲ್ಲ, ಆ ಮಾತಿನ ಬೇರು ಇದೇ. ಅದೇ ಮಠದಲ್ಲಿ 1916ರಲ್ಲಿ ಪುರಾತತ್ವ ನಿರ್ದೇಶಕ ಆರ್. ನರಸಿಂಹಾಚಾರ್ ಅವರಿಗೆ ಟಿಪ್ಪು ಸುಲ್ತಾನ್ ಮಠದ ಸ್ವಾಮಿಗಳಿಗೆ ಬರೆದ ಕನ್ನಡ ಪತ್ರಗಳು ಸಿಕ್ಕವು. 1791ರಲ್ಲಿ ಮರಾಠಾ ದಂಡು ಶೃಂಗೇರಿಯನ್ನು ಲೂಟಿ ಮಾಡಿದ ಸಂದರ್ಭದ ಪತ್ರಗಳೂ ಅದರಲ್ಲಿವೆ. ಅವು ಸಿಕ್ಕಿದ್ದು ಪತ್ರ ಪಡೆದವರ ಬಳಿಯೇ, ಅದೇ ಮಠದ ಬೇರೆ ದಾಖಲೆಗಳ ಜೊತೆಗೆ. ಒಂದು ಕಾಗದ ನಿಜವೋ ಅಲ್ಲವೋ ಅಂತ ಹೇಳಲು ಅಕ್ಕಪಕ್ಕದ ಕಾಗದಗಳಷ್ಟು ಒಳ್ಳೆಯ ಸಾಕ್ಷಿ ಇಲ್ಲ.

ಇಷ್ಟೆಲ್ಲಾ ಇದ್ದು ಜನರಿಗೆ ಯಾಕೆ ತೋರಿಸುವುದಿಲ್ಲ ಅಂತ ಕೇಳುವವರಿದ್ದಾರೆ. ಬೆಳಕು ಓಲೆಗೂ ಕಾಗದಕ್ಕೂ ಬಣ್ಣಕ್ಕೂ ನಿಧಾನದ ವಿಷ. ಒಮ್ಮೆ ಮಾಸಿದ್ದು ಮತ್ತೆ ಬರುವುದಿಲ್ಲ. ಬೆಳಕನ್ನು ಲಕ್ಸ್ ಅನ್ನುವ ಮಾನದಲ್ಲಿ ಅಳೆಯುತ್ತಾರೆ. ಇಂಥ ವಸ್ತುಗಳಿಗೆ 50 ಲಕ್ಸ್‌ಗಿಂತ ಜಾಸ್ತಿ ಬೆಳಕು ಬೇಡ ಅನ್ನುವುದು ವಸ್ತುಸಂಗ್ರಹಾಲಯಗಳ ರೂಢಿ. ನಮ್ಮ ಅಂಗಳದ ಬಿಸಿಲಿನಲ್ಲಿ ಅದು ಹತ್ತಾರು ಸಾವಿರ ಲಕ್ಸ್ ಇರುತ್ತದೆ. ಹಾಗಾಗಿ ಸ್ವಲ್ಪ ಹೊರಗೆ, ಬಹುಪಾಲು ಒಳಗೆ. ಓದುವವರಿಗೆ ಸ್ಕ್ಯಾನ್ ಮಾಡಿದ ಪ್ರತಿ ಕೊಡುತ್ತಾರೆ. ಮೂಲವೇ ಬೇಕಾದರೆ ಮೊದಲೇ ಬರೆದು ಕೇಳಿ, ಯಾಕೆ ಬೇಕು ಅಂತ ಹೇಳಬೇಕು. ಅದನ್ನು ಜಂಬ ಅಂತ ತಿಳಿಯಬೇಡಿ.

ಮನೆಯಲ್ಲಿ ಓಲೆ ಇದೆ ಅಂತ ಹೇಳಿದರೆ ಸರ್ಕಾರ ಕಿತ್ತುಕೊಳ್ಳುತ್ತದೆ ಅನ್ನುವ ಭಯ ಹಳ್ಳಿಯಲ್ಲಿ ತುಂಬಾ ಇದೆ. ಹಾಗಿಲ್ಲ. 1972ರ ಪ್ರಾಚ್ಯವಸ್ತು ಕಾಯ್ದೆ 75 ವರ್ಷ ದಾಟಿದ, ಬೆಲೆಯುಳ್ಳ ಹಸ್ತಪ್ರತಿಯನ್ನು ಪ್ರಾಚ್ಯವಸ್ತು ಅನ್ನುತ್ತದೆ. ಅದನ್ನು ದೇಶದ ಹೊರಗೆ ಸಾಗಿಸುವಂತಿಲ್ಲ, ಲೈಸೆನ್ಸ್ ಇಲ್ಲದೆ ವ್ಯಾಪಾರ ಮಾಡುವಂತಿಲ್ಲ. ಮನೆಯಲ್ಲಿ ಇಟ್ಟುಕೊಳ್ಳುವುದು ತಪ್ಪಲ್ಲ. ಕೇಂದ್ರ ಸರ್ಕಾರ 2003ರಲ್ಲಿ ಹಸ್ತಪ್ರತಿಗಳಿಗಾಗಿಯೇ ಒಂದು ರಾಷ್ಟ್ರೀಯ ಮಿಷನ್ ಶುರು ಮಾಡಿತು, 2025ರ ಬಜೆಟ್‌ನಲ್ಲಿ ಜ್ಞಾನ ಭಾರತಂ ಅಂತ ಹೊಸದನ್ನು ಘೋಷಿಸಿತು. ಎರಡರ ಉದ್ದೇಶವೂ ಮೊದಲು ಎಲ್ಲಿ ಏನಿದೆ ಅಂತ ಪಟ್ಟಿ ಮಾಡುವುದು, ಸ್ಕ್ಯಾನ್ ಮಾಡುವುದು. ನಮ್ಮ ಜಿಲ್ಲೆಯಲ್ಲೇ ಶ್ರವಣಬೆಳಗೊಳದ ಪ್ರಾಕೃತ ಸಂಶೋಧನಾ ಸಂಸ್ಥೆಯಲ್ಲಿ ಓಲೆಗರಿ ಬಲ್ಲವರಿದ್ದಾರೆ. ತೋರಿಸುವ ಮುಂಚೆ ಗಂಟು ಬಿಚ್ಚಬೇಡಿ. ಇದ್ದ ಜಾಗದಲ್ಲೇ ಮೊಬೈಲ್‌ನಲ್ಲಿ ಫೋಟೊ ತೆಗೆಯಿರಿ. ಬಟ್ಟೆ, ದಾರ, ಚೀಟಿ, ಒಳಗಿನ ಬಜೆ ತುಂಡು, ಎಲ್ಲವೂ ಹಾಗೇ ಇರಲಿ.

ನಾನು ಹಾಸನಕ್ಕೆ ವಾಪಸ್ ಬಂದ ರಾತ್ರಿಯೇ ದೊಡ್ಡಮ್ಮನಿಗೆ ಫೋನ್ ಮಾಡಿದೆ. ಅವರಿಗೆ ಎಂಬತ್ತು ದಾಟಿದೆ, ಆ ಮನೆಯಲ್ಲೇ ಹುಟ್ಟಿ ಬೆಳೆದವರು. "ದೊಡ್ಡಮ್ಮ, ಅಟ್ಟದ ಕೆಂಪು ಗಂಟು ನೆನಪಿದ್ಯಾ?" ಅಂದೆ.

"ನೆನಪಿಲ್ದೆ ಏನೋ. ಶ್ರಾವಣದಲ್ಲಿ ಇಳಿಸ್ತಿದ್ರು. ನಮ್ಮಪ್ಪ ಓದೋರು, ನಾವೆಲ್ಲ ಜಗಲಿ ಮೇಲೆ ಕೂತು ಕೇಳೋದು."

"ಒಳಗೊಂದು ಚೀಟಿ ಇತ್ತು."

"ಇತ್ತು. ಅಪ್ಪಂದೇ ಅಕ್ಷರ. ಇದು ನಮ್ಮ ಮುತ್ತಾತ ಬರೆದದ್ದು, ಯಾರಿಗೂ ಕೊಡಬೇಡಿ ಅಂತ ಬರ್ದಿದ್ರು. ಹೆಸರೂ ಇತ್ತು ಕಣೋ, ಈಗ ಬಾಯಿಗೆ ಬರ್ತಿಲ್ಲ."

ಅಜ್ಜ ಹುಟ್ಟಿದ್ದು 1905ರ ಆಸುಪಾಸು. ಪೀಳಿಗೆಗೆ ಮೂವತ್ತು ವರ್ಷ ಹಿಡಿದರೆ ಅವರ ಮುತ್ತಾತ ಹುಟ್ಟಿದ್ದು ಸುಮಾರು 1815ಕ್ಕೆ. 1779ಕ್ಕೆ ಅವರು ಹುಟ್ಟೇ ಇರಲಿಲ್ಲ. 1899ಕ್ಕೆ ಎಂಬತ್ತು ದಾಟಿರಬೇಕು, ಆ ಕೈಯಲ್ಲಿ ಕಂಟ ಹಿಡಿದು ಇಡೀ ಕಾವ್ಯ ಕೊರೆಯುವುದು ಕಷ್ಟ. 1839ಕ್ಕೆ ಇಪ್ಪತ್ತನಾಲ್ಕು.

ಮಾರನೆಯ ವಾರ ದೊಡ್ಡಮ್ಮನ ಮನೆಗೆ ಹೋಗಿ, ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಂಡೆ. ಊರು, ಮನೆ, ಅಟ್ಟ, ಕೆಂಪು ಬಟ್ಟೆ, ಸುಟ್ಟ ಚೀಟಿ, ಎಲ್ಲಾ ಬರೆದೆ. ಅವರು ಕನ್ನಡಕ ಹಾಕಿಕೊಂಡು ಓದಿ ಕೆಳಗೆ ಸಹಿ ಮಾಡಿದರು. ಗರಿಗಳನ್ನು ಸ್ಕ್ಯಾನ್ ಮಾಡಿಸಿ ಮೂಲವನ್ನು ನಾವೇ ಇಟ್ಟುಕೊಂಡೆವು. ಯಾರಿಗೂ ಕೊಡಬೇಡಿ ಅಂದಿದ್ದರಲ್ಲ. ಮೈಸೂರಿಗೆ ಕೊಟ್ಟ ಪ್ರತಿಯ ಜೊತೆ ಆ ಹಾಳೆಯೂ ಹೋಯಿತು. ದಾಖಲೆಯಲ್ಲಿ ಕಾಲ ಅನ್ನುವ ಕಡೆ 'ವಿಕಾರಿ, ಬಹುಶಃ 1839, ಮನೆಯವರ ಹೇಳಿಕೆಯಂತೆ' ಅಂತ ಬರೆದಿದ್ದಾರೆ. ಲಿಪಿಕಾರ ಅನ್ನುವ ಜಾಗ ಇನ್ನೂ ಖಾಲಿ ಇದೆ. ಹೆಸರು ನೆನಪಾದರೆ ಯಾವ ಹೊತ್ತಿಗಾದರೂ ಸರಿ ಫೋನ್ ಮಾಡಿ ಅಂತ ದೊಡ್ಡಮ್ಮನಿಗೆ ಹೇಳಿಟ್ಟಿದ್ದೇನೆ.